ತೋಟಗಾರನ ಕೈಕೆಳಗೆ ಒಂದು ಬೆಳೆಗಾಲ

ಮೊದಲು ಓದತಕ್ಕ ವೇದಭಾಗ: ಲೂಕ 13ನೆಯ ಅಧ್ಯಾಯ, 6ರಿಂದ 9ರ ವರೆಗಿನ ವಚನಗಳು.



ನಮ್ಮ ಕರ್ತನು ಹೇಳಿದ ಸಾಮ್ಯಗಳಲ್ಲಿ ಅಂಜೂರ ಮರದ ಸಾಮ್ಯವು ಬಹು ಚಿಕ್ಕದು. ಒಬ್ಬ ಯಜಮಾನನು ತನ್ನ ದ್ರಾಕ್ಷೇ ತೋಟದಲ್ಲಿ ಒಂದು ಅಂಜೂರದ ಮರವನ್ನು ನೆಡಿಸಿದ್ದನು. ಮೂರು ವರುಷ ಅದರ ಬಳಿಗೆ ಬಂದು ಹಣ್ಣು ಹುಡುಕಿದನು, ಒಂದಾದರೂ ಸಿಕ್ಕಲಿಲ್ಲ. ಭೂಮಿಯ ಸಾರವನ್ನು ಸುಮ್ಮನೆ ತಿನ್ನುವ ಮರವು ಯಾಕೆ ನಿಲ್ಲಬೇಕೆಂದು ನೆನಸಿ ಅದನ್ನು ಕಡಿಯುವದಕ್ಕೆ ಅಪ್ಪಣೆಕೊಟ್ಟನು. ಆಗ ತೋಟಗಾರನು ನಡುವೆ ಬಂದು ಬೇಡಿಕೊಂಡನು. ಇನ್ನೊಂದು ವರುಷ ತಾಳಬೇಕೆಂದೂ, ಅಷ್ಟರಲ್ಲಿ ತಾನು ಅದರ ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದೂ ಹೇಳಿದನು.

ಈ ತೋಟಗಾರನಲ್ಲಿ ನಮಗೋಸ್ಕರ ವಿಜ್ಞಾಪನೆ ಮಾಡುವ ಕರ್ತನನ್ನು ಕಾಣುವದಕ್ಕೆ ನಾವು ಬಹಳ ಕಾಲದಿಂದ ಕಲಿತಿದ್ದೇವೆ. ಆದರೆ ಆ ತೋಟಗಾರನು ಕೈಯಲ್ಲಿ ಹಿಡಿದದ್ದು ಏನೆಂಬದನ್ನು ನಾವು ಅಷ್ಟಾಗಿ ನೋಡಿದವರಲ್ಲ. ಅವನ ಒಂದು ಕೈಯಲ್ಲಿ ಗುದ್ದಲಿಯೂ ಇನ್ನೊಂದು ಕೈಯಲ್ಲಿ ಗೊಬ್ಬರದ ಪುಟ್ಟಿಯೂ ಇವೆ. ಅವನು ಕೇಳಿದ್ದು ಒಂದು ಬೆಳೆಗಾಲ ಮಾತ್ರ. ಈ ಸಾರಿ ನಾವು ಆ ಗುದ್ದಲಿ, ಆ ಗೊಬ್ಬರ, ಆ ಕಾಲ ಇವುಗಳ ವಿಷಯವಾಗಿಯೇ ಧ್ಯಾನಿಸೋಣ.

ಹೀಗೆ ಧ್ಯಾನಿಸುವದಕ್ಕೆ ಒಂದು ಕಾರಣವೂ ಉಂಟು. ಈ ದಿವಸಗಳಲ್ಲಿ ಕೆಲವು ಯೌವನಸ್ಥರು ಶಾಲೆಯ ಓದನ್ನು ಮುಗಿಸಿದ ಮೇಲೆ, ರಾಸಾಯನಿಕ ಗೊಬ್ಬರವನ್ನೂ ವಿಷವನ್ನೂ ಮುಟ್ಟದೆ ಕಾಯಿಪಲ್ಯ ಬೆಳೆಯುವ ಚಿಕ್ಕ ತೋಟಗಳಲ್ಲಿ ಒಂದು ಬೆಳೆಗಾಲ ನಿಂತು, ಆ ರೈತನ ಮನೆಯಲ್ಲಿ ಉಂಡು, ಅವನ ಸಂಗಡ ದುಡಿದು ಕೆಲಸ ಕಲಿಯಬೇಕೆಂದು ಆಶಿಸುತ್ತಾರೆ. ಇಂಥ ಒಕ್ಕಲುತನಕ್ಕೆ ಸಾವಯವವೆಂದು ಹೆಸರು. ನಮ್ಮ ಕರ್ನಾಟಕ ಸರಕಾರವು 2004ರಲ್ಲಿಯೇ ಇದಕ್ಕೋಸ್ಕರ ಒಂದು ನೀತಿಯನ್ನು ಪ್ರಕಟಿಸಿತು. ಮಗನಾಗಲಿ ಮಗಳಾಗಲಿ ಹೀಗೆ ಹೋಗಬೇಕೆಂದು ಕೇಳಿದರೆ ಹೆತ್ತವರು ಏನು ಹೇಳಬೇಕು? ಸಭೆಯು ಏನು ಹೇಳಬೇಕು?

ಜೀತವೂ ಶಿಷ್ಯತ್ವವೂ

ಮೊದಲು ಹೆತ್ತವರ ಮನೋವ್ಯಥೆಯನ್ನು ಕೇಳೋಣ. ಒಬ್ಬ ತಾಯಿಯು, “ಅಯ್ಯನವರೇ, ನಮ್ಮತ್ತೆ ದೊಡ್ಡವರ ಹೊಲಕ್ಕೆ ತಿಪ್ಪೆ ಹೊತ್ತು ಹೊತ್ತು ನಡ ಬಗ್ಗಿಸಿಕೊಂಡಳು. ನನ್ನ ಮಗನ ಕೈಗೆ ಸಗಣಿ ಹತ್ತಬಾರದೆಂದು ನಾನು ಕೂಲಿ ಮಾಡಿ ಓದಿಸಿದೆನು. ಈಗ ಅವನನ್ನು ಅದೇ ತಿಪ್ಪೆಗೆ ಕಳುಹಿಸಲೋ?” ಎಂದು ಕೇಳಿದರೆ, ಆ ಮಾತನ್ನು ಯಾವ ಬೋಧಕನೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಸಭೆಗಳ ಅಜ್ಜ ಅಜ್ಜಿಯರಲ್ಲಿ ಅನೇಕರು ಪರರ ಹೊಲದಲ್ಲಿ ಗೊಬ್ಬರ ಚೆಲ್ಲಿದರು, ನಾಟಿ ಮಾಡಿದರು, ಕಳೆ ಕಿತ್ತರು. ಬೆಳೆ ಮನೆ ಸೇರಿದಾಗ ಅವರ ಪಾಲಿಗೆ ಬಂದದ್ದು ಕೆಲವು ಸೇರು ಕಾಳು ಮತ್ತು ತೀರದ ಹಳೇ ಸಾಲ. ಅವರಿಗೆ ಒಕ್ಕಲುತನ ಚೆನ್ನಾಗಿ ಗೊತ್ತಿತ್ತು. ಆದಾಗ್ಯೂ ಅದನ್ನು ವಿದ್ಯೆಯೆಂದು ಯಾರೂ ಹೇಳಲಿಲ್ಲ.

ಜೀತವು ದೇವರ ಚಿತ್ತವಲ್ಲವೆಂಬದು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಲ್ಲಿ ತಿಳಿದುಬರುತ್ತದೆ. ಇಸ್ರಾಯೇಲ್ಯನಾದ ದಾಸನು ಆರು ವರುಷ ಸೇವೆ ಮಾಡಿದ ಮೇಲೆ ಏಳನೆಯ ವರುಷದಲ್ಲಿ ಬಿಡುಗಡೆ ಹೊಂದಬೇಕೆಂದೂ, ಹೊರಡುವಾಗ ಅವನು ಬರಿಗೈಯಲ್ಲಿ ಹೋಗದೆ ಕುರಿಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷೇ ಆಲೆಯಿಂದಲೂ ಪಾಲು ಹೊಂದಬೇಕೆಂದೂ ಅಲ್ಲಿ ಆಜ್ಞೆಯಾಗಿದೆ. ನಮ್ಮ ದೇಶದಲ್ಲಿಯೂ 1976ರ ಕಾನೂನು ಜೀತ ಪದ್ಧತಿಯನ್ನು ರದ್ದುಮಾಡಿ ಜೀತದ ಸಾಲಗಳನ್ನು ಅಳಿಸಿಬಿಟ್ಟಿತು. ಆದದರಿಂದ ನಾವು ಯಾವ ಮಗುವನ್ನೂ ಹಳೇ ನೊಗದ ಕೆಳಗೆ ತಿರಿಗಿ ತಳ್ಳುವದಿಲ್ಲ.

ಆದರೆ ಜೀತಕ್ಕೂ ಶಿಷ್ಯತ್ವಕ್ಕೂ ಇರುವ ಭೇದವನ್ನು ನಾವು ಚೆನ್ನಾಗಿ ತಿಳಿಯತಕ್ಕದ್ದು. ಹೊರಗಿನಿಂದ ನೋಡಿದರೆ ಎರಡರಲ್ಲಿಯೂ ಅದೇ ಬಿಸಿಲು, ಅದೇ ಮಣ್ಣು, ಅದೇ ಪುಟ್ಟಿ. ಭೇದವು ನಾಲ್ಕು ಗುರುತುಗಳಲ್ಲಿ ಕಾಣಿಸುತ್ತದೆ. ಶಿಷ್ಯತ್ವಕ್ಕೆ ಮೊದಲೇ ಗೊತ್ತುಮಾಡಿದ ಅವಧಿ ಉಂಟು, ಜೀತಕ್ಕೆ ಕೊನೆಯಿಲ್ಲ. ಶಿಷ್ಯನಿಗೆ ಪ್ರತಿಯೊಂದು ಕೆಲಸದ ಕಾರಣವನ್ನು ಹೇಳಿಕೊಡುತ್ತಾರೆ. ಜೀತದವನಿಗೆ ಅಪ್ಪಣೆ ಮಾತ್ರ. ಶಿಷ್ಯನು ಮನೆಯವರ ಸಂಗಡ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾನೆ. ಜೀತದವನಿಗೆ ಹೊರಗಿನ ಜಗಲಿಯಲ್ಲಿ ಬಡಿಸಿದರು. ಶಿಷ್ಯನು ಬೇಡವೆಂದರೆ ಹೊರಟುಬರಬಹುದು. ಜೀತದವನ ಕಾಲಿಗೆ ಸಾಲದ ಸರಪಣಿ ಉಂಟು.

ಆದಕಾರಣ ಸಭೆಯ ಹಿರಿಯರಲ್ಲಿ ಒಬ್ಬರು ಮುಂದಾಗಿ ಆ ತೋಟಕ್ಕೆ ಹೋಗಿ ನೋಡಲಿ. ಎಷ್ಟು ತಿಂಗಳು, ಊಟ ಎಲ್ಲಿ, ಮಲಗುವ ಸ್ಥಳ ಯಾವದು, ಕೈಗೆ ಎಷ್ಟು ಹಣ, ಆದಿತ್ಯವಾರ ದೇವಾರಾಧನೆಗೆ ಬಿಡುವು ಉಂಟೋ, ಹೆಣ್ಣುಮಕ್ಕಳಾದರೆ ಮನೆಯಲ್ಲಿ ಹಿರಿಯ ಹೆಂಗಸರು ಇದ್ದಾರೋ ಎಂಬದನ್ನೆಲ್ಲಾ ವಿಚಾರಿಸಲಿ. 14 ವರುಷ ತುಂಬದ ಮಕ್ಕಳನ್ನು ಪರರ ಕೆಲಸಕ್ಕೆ ಇಡುವದು ಕಾನೂನಿಗೆ ವಿರೋಧವಾದದ್ದು. ನಮ್ಮ ಮಾತು ಓದು ಮುಗಿಸಿದ ಯೌವನಸ್ಥರ ವಿಷಯವಾದದ್ದು. ಆ ನಾಲ್ಕು ಗುರುತುಗಳಲ್ಲಿ ಒಂದು ಇಲ್ಲದಿದ್ದರೂ ಮಗುವನ್ನು ಕಳುಹಿಸಬೇಡಿರಿ. ನಾಲ್ಕೂ ಇದ್ದರೆ ಭಯಪಡಬೇಡಿರಿ.

ಇದು ನಮಗೆ ಹೊಸ ದಾರಿಯೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು, ಸುವಾರ್ತೆಯನ್ನು ಸ್ವೀಕರಿಸಿದ ಕಾರಣ ಜಾತಿಯನ್ನೂ ಜೀವನೋಪಾಯವನ್ನೂ ಕಳಕೊಂಡವರಿಗೆ ಕೈಕೆಲಸ ಕಲಿಸಿದರು. 1841ರಲ್ಲಿ ಮುದ್ರಣಾಲಯವೂ 1865ರಲ್ಲಿ ಹೆಂಚಿನ ಕಾರ್ಖಾನೆಯೂ ಪ್ರಾರಂಭವಾದವು. ನೇಯ್ಗೆಯ ಕೆಲಸವೂ ನಡೆಯಿತು. 1817ರಲ್ಲಿ ನಮ್ಮ ಕನ್ನಡ ಭಾಷೆಗೆ ವ್ಯಾಕರಣವನ್ನು ಬರೆದು ಪ್ರಕಟಿಸಿದ ವಿಲಿಯಂ ಕೇರಿಯವರು ಬಾಲ್ಯದಲ್ಲಿ ಪಾದರಕ್ಷೆ ಮಾಡುವವನ ಬಳಿಯಲ್ಲಿ ಶಿಷ್ಯರಾಗಿದ್ದರು. ಅವರು ಗಿಡಮರಗಳನ್ನು ಬಹಳ ಪ್ರೀತಿಸಿ 1820ರಲ್ಲಿ ಬಂಗಾಳದಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು. 1903ರಲ್ಲಿ ಭಾರತಕ್ಕೆ ಬಂದ ಸ್ಯಾಮ್ ಹಿಗಿನ್‌ಬಾಟಮ್ ಎಂಬ ಮಿಶನರಿಯವರು ಅಲಹಾಬಾದಿನ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಕಲಿಸುತ್ತಿದ್ದರು. ಹಳ್ಳಿಗಳ ಬಡತನವನ್ನು ಕಂಡ ಮೇಲೆ ಅವರು ತಾವೇ ತಿರಿಗಿ ವಿದ್ಯಾರ್ಥಿಯಾಗಿ ಒಕ್ಕಲುತನದ ಶಾಸ್ತ್ರವನ್ನು ಕಲಿತು, ಅಲ್ಲಿನ ಕೃಷಿ ವಿದ್ಯಾಲಯವನ್ನು ಕಟ್ಟಿ ಬೆಳಸಿದರು. ಕಲಿಸುವವರು ಕಲಿಯುವದಕ್ಕೆ ನಾಚದಿದ್ದರೆ ನಾವು ಯಾಕೆ ನಾಚಬೇಕು?

ಒಂದು ಬೆಳೆಗಾಲದ ಶಿಷ್ಯತ್ವವು ಕಲಿಸುವ ಪಾಠಗಳಲ್ಲಿ ನಾಲ್ಕನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯ ಪಾಠ: ಗಿಡಕ್ಕಿಂತ ಮೊದಲು ಮಣ್ಣಿಗೆ ಉಣಿಸುವದು

ಸಾವಯವ ತೋಟಕ್ಕೆ ಹೋದವನು ಬೀಜ ಬಿತ್ತುವದಕ್ಕಿಂತ ಮೊದಲು ಗೊಬ್ಬರದ ಗುಂಡಿಯ ಬಳಿಗೆ ಹೋಗುವನು. ಒಣಗಿದ ಎಲೆ, ಹೊಟ್ಟು, ಕಿತ್ತ ಕಳೆ, ಸಗಣಿ, ಗಂಜಲ ನೆನೆದ ಮಣ್ಣು, ಒಲೆಯ ಬೂದಿ ಇವುಗಳನ್ನು ಪದರ ಪದರವಾಗಿ ಹರವಿ, ಹಿಂಡಿದ ಬಟ್ಟೆಯಷ್ಟು ಹಸಿ ಇರುವ ಹಾಗೆ ನೀರು ಚಿಮುಕಿಸುವನು. ಕೆಲವು ದಿನಗಳೊಳಗೆ ರಾಶಿಯು ಕೈಯಿಟ್ಟರೆ ತಾಳಲಾಗದಷ್ಟು ಬಿಸಿಯಾಗುವದು. ಅದನ್ನು ಮೂರು ಸಾರಿ ಮಗುಚಿ ಹಾಕಿದರೆ ಸುಮಾರು ಮೂರು ತಿಂಗಳಿಗೆ ನಾರುವ ವಸ್ತುವೆಲ್ಲಾ ಹೋಗಿ, ಮೊದಲನೆಯ ಮಳೆ ಬಿದ್ದ ನೆಲದಂತೆ ವಾಸನೆಯುಳ್ಳ ಕಪ್ಪು ಮಣ್ಣಾಗುವದು. ಈ ಕ್ರಮವನ್ನು 1924ರಿಂದ 1931ರ ವರೆಗೆ ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ವಿದ್ವಾಂಸರು ಯಶವಂತ ವಾಡ್ ಎಂಬ ಸಹಾಯಕರ ಸಂಗಡ ಪರೀಕ್ಷಿಸಿ ಪ್ರಸಿದ್ಧಪಡಿಸಿದರು. ಆದದರಿಂದ ಅದಕ್ಕೆ ಇಂದೂರು ಪದ್ಧತಿಯೆಂಬ ಹೆಸರು ಬಂತು.

ರಾಸಾಯನಿಕ ಗೊಬ್ಬರವು ನೇರವಾಗಿ ಗಿಡಕ್ಕೆ ಉಣಿಸುತ್ತದೆ. ಎಲೆಯು ಬೇಗ ಹಸುರಾಗುತ್ತದೆ. ಈ ಕಪ್ಪು ಮಣ್ಣಾದರೋ ಭೂಮಿಗೆ ಉಣಿಸುತ್ತದೆ. ಭೂಮಿಯು ಗಿಡಕ್ಕೆ ಉಣಿಸುತ್ತದೆ. ಎರೆಹುಳವೂ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳೂ ಅಲ್ಲಿ ದುಡಿಯುತ್ತವೆ. ಅಲಸಂದೆಯ ಗಿಡವನ್ನು ಕಿತ್ತು ನೋಡಿರಿ. ಬೇರಿನಲ್ಲಿ ಚಿಕ್ಕ ಗಂಟುಗಳು ಇರುವವು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು ಕಾಣುವದು. ಆ ಗಂಟುಗಳಲ್ಲಿ ವಾಸಿಸುವ ಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆಂದು 1880ರ ದಶಕದಲ್ಲಿ ಜರ್ಮನಿಯ ವಿದ್ವಾಂಸರು ತೋರಿಸಿಕೊಟ್ಟರು. ನಮ್ಮ ಹಿರಿಯರು ರಾಗಿಯ ಸಂಗಡ ಅವರೆಯನ್ನೂ ತೊಗರಿಯನ್ನೂ ಅಕ್ಕಡಿ ಹಾಕಿದ್ದು ಸುಮ್ಮನೆ ಅಲ್ಲ.

ಪ್ರಿಯರೇ, ಕ್ರೈಸ್ತ ಜೀವಿತದಲ್ಲಿಯೂ ಎಲೆಗೆ ಉಣಿಸುವ ಆತುರ ಉಂಟು. ಹಬ್ಬದ ದಿನ ದೊಡ್ಡ ಕೂಟ, ಗಟ್ಟಿಯಾದ ಹಾಡು, ನೋಡುವವರಿಗೆ ಹಸುರು. ಆದರೆ ಮನೆಯ ಸಾಯಂಕಾಲದ ಪ್ರಾರ್ಥನೆ, ಮಗುವಿಗೆ ಹೇಳಿಕೊಟ್ಟ ಒಂದು ವಚನ, ಜಗಳವಾಡಿದ ನೆರೆಯವನ ಬಾಗಲಿಗೆ ರಾತ್ರಿಯಲ್ಲಿ ಹೋಗಿ ಮಾಡಿಕೊಂಡ ಸಮಾಧಾನ, ಇವು ನೆಲದೊಳಗಿನ ಕೆಲಸ. ಇವುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ. ಫಲವು ಮಾತ್ರ ಇವುಗಳಿಂದಲೇ ಬರುವದು.

ಇನ್ನೊಂದು ಸಂಗತಿ. ಗೊಬ್ಬರದ ಗುಂಡಿಯಲ್ಲಿ ಜನರು ಎಸೆದುಬಿಟ್ಟದ್ದೇ ಜೀವಕ್ಕೆ ಆಧಾರವಾಗುತ್ತದೆ. ಲೋಕದವರು ನಮ್ಮ ಹಿರಿಯರನ್ನು ಹೊಲಸೆಂದು ಊರ ಹೊರಗೆ ಇಟ್ಟರು. ಆದರೆ ಗೊಬ್ಬರ ಹಿಡಿದ ತೋಟಗಾರನನ್ನು ನಮ್ಮ ಕರ್ತನು ತನ್ನ ಸಾಮ್ಯದಲ್ಲಿ ಗೌರವಕ್ಕೆ ತಂದನು. ಮಗ್ದಲದ ಮರಿಯಳು ಪುನರುತ್ಥಾನದ ಬೆಳಿಗ್ಗೆ ಆತನನ್ನು ಕಂಡಾಗ ತೋಟಗಾರನೆಂದು ನೆನಸಿದಳಲ್ಲವೋ? ಆ ನೆನಸೋಣವನ್ನು ಅವಮಾನವೆಂದು ಆತನು ಎಣಿಸಲಿಲ್ಲ. ಆಕೆಯನ್ನು ಹೆಸರೆತ್ತಿ ಕರೆದನು.

ಎರಡನೆಯ ಪಾಠ: ಕೈಕೆಳಗೆ ನಿಲ್ಲುವದು

ಓದಿದ ಯೌವನಸ್ಥನಿಗೆ ಇದು ಕಠಿಣವಾದ ಪಾಠ. ಅವನಿಗೆ ಕೊಡುವ ಮೊದಲನೆಯ ಕೆಲಸವು ಕಳೆ ಕೀಳುವದು. ಎರಡನೆಯದು ಬದನೆ ಗಿಡಗಳ ಎಲೆಯನ್ನು ತಿರುವಿ ತಿರುವಿ ಅಡಿಯಲ್ಲಿ ಹುಳದ ಮೊಟ್ಟೆ ಉಂಟೋ ಎಂದು ನೋಡುವದು. ಅಕ್ಷರ ಬಾರದ ಮುದುಕಿಯೊಬ್ಬಳು ಅವನ ಹಿಂದೆ ಬಂದು, ಅವನು ನೋಡಿ ಮುಗಿಸಿದ ಸಾಲಿನಲ್ಲಿಯೇ ಹತ್ತು ಮೊಟ್ಟೆಗಳನ್ನು ತೋರಿಸುವಳು. ಮಣ್ಣನ್ನು ಹಿಡಿಯಲ್ಲಿ ಹಿಂಡಿ, ಉಂಡೆ ಕಟ್ಟಿದರೆ ಇಂದು ಅಗೆಯಬಾರದೆಂದೂ, ಬೆರಳಿನಿಂದ ತಟ್ಟಿದಾಗ ಉದುರಿದರೆ ಅಗೆಯಬಹುದೆಂದೂ ಅವಳು ಹೇಳುವಳು. ಇಂಥ ವಿದ್ಯೆಯು ಕಣ್ಣಿನಿಂದ ಕಣ್ಣಿಗೂ ಕೈಯಿಂದ ಕೈಗೂ ದಾಟತಕ್ಕದ್ದು. ಅದಕ್ಕೆ ಒಂದೇ ಬಾಗಲು ಉಂಟು. ಆ ಬಾಗಲು ತಗ್ಗಾಗಿದೆ. ತಲೆಬಾಗದವನು ಒಳಗೆ ಹೋಗಲಾರನು.

ಮೇಲೆ ಹೇಳಿದ ಹೊವಾರ್ಡರೇ ಇದಕ್ಕೆ ದೃಷ್ಟಾಂತವಾಗಿದ್ದಾರೆ. ಅವರು 1905ರಲ್ಲಿ ಬಿಹಾರದ ಪೂಸಾ ಎಂಬ ಸ್ಥಳಕ್ಕೆ ಸರಕಾರದ ಸಸ್ಯಶಾಸ್ತ್ರಜ್ಞರಾಗಿ ಬಂದರು. ಬಿಳಿಯ ರೈತರಿಗೂ ಕರಿಯ ರೈತರಿಗೂ ಕಲಿಸತಕ್ಕ ದೊಡ್ಡ ಅಧಿಕಾರಿ ತಾನೆಂದು ಅವರು ಹೇಳಿಕೊಳ್ಳಬಹುದಾಗಿತ್ತು. ಆದರೆ ಸುತ್ತಲಿನ ಹಳ್ಳಿಗಳ ಪೈರುಗಳು ಯಾವ ವಿಷವನ್ನೂ ಸಿಂಪಡಿಸದೆ ರೋಗವಿಲ್ಲದೆ ನಿಂತದ್ದನ್ನು ಅವರು ಕಂಡರು. ಆಗ ಆ ರೈತರ ಕೆಲಸವನ್ನು ನೋಡಿ ಕಲಿಯುವದಕ್ಕೆ ತೊಡಗಿದರು. ಹಳ್ಳಿಯ ಒಕ್ಕಲಿಗರನ್ನೂ ಪೈರಿನ ಹುಳಗಳನ್ನೂ ತನ್ನ ಅಧ್ಯಾಪಕರೆಂದು ಅವರು ಮುಂದೆ ಬರೆದರು. 1940ರಲ್ಲಿ ಪ್ರಕಟವಾದ ಅವರ ಗ್ರಂಥವನ್ನು ಇಂದಿಗೂ ಅನೇಕ ದೇಶಗಳ ಸಾವಯವ ರೈತರು ಓದುತ್ತಾರೆ. ಆ ಗ್ರಂಥದ ಬೇರುಗಳಲ್ಲಿ ಒಂದು, ಓದುಬರಹ ಬಾರದ ನಮ್ಮ ದೇಶದ ರೈತರ ಹೊಲದಲ್ಲಿ ಇದೆ. ಪರರ ಹೊಲದಲ್ಲಿ ದುಡಿದ ನಮ್ಮ ಅಜ್ಜಿಯ ತಿಳುವಳಿಕೆಯು ವಿದ್ಯೆಯೇ ಆಗಿತ್ತೆಂದು ಇದರಿಂದ ನಾವು ತಿಳಿಯಬೇಕು.

ಶಿಷ್ಯನೆಂಬ ಹೆಸರನ್ನು ಸುವಾರ್ತೆಯು ನಮಗೆ ಕೊಟ್ಟಿದೆ. ಹನ್ನೆರಡು ಮಂದಿ ಮೂರು ವರುಷದ ಹತ್ತಿರ ಆತನ ಸಂಗಡ ನಡೆದರು, ಉಂಡರು, ಮಲಗಿದರು, ತಪ್ಪಿದರು, ತಿದ್ದಿಸಿಕೊಂಡರು. ಆತನು ಅವರಿಗೆ ಪುಸ್ತಕವನ್ನು ಕೊಟ್ಟು ಕಳುಹಿಸಲಿಲ್ಲ. ತನ್ನ ಸಂಗಡ ಇಟ್ಟುಕೊಂಡನು. ಆತನು ತಾನೂ ನಜರೇತಿನಲ್ಲಿ ಬಡಗಿಯ ಮನೆಯಲ್ಲಿ ಬೆಳೆದು, ತಂದೆತಾಯಿಗಳಿಗೆ ಒಳಗಾಗಿ, ಬಡಗಿಯ ಕೆಲಸವನ್ನು ಮಾಡಿದನು. ದೇವರ ಮಗನು ಒಬ್ಬ ಮನುಷ್ಯನ ಕೈಕೆಳಗೆ ನಿಂತನು. ಹೀಗಿರಲಾಗಿ, ಕಾಲೇಜಿನ ಮೆಟ್ಟಲು ಹತ್ತಿದೆನೆಂದು ಹೇಳಿ ರೈತನ ಮಾತು ಕೇಳುವದಕ್ಕೆ ಹಿಂಜರಿಯುವದು ಕ್ರೈಸ್ತನಿಗೆ ಯುಕ್ತವೋ?

ಮೂರನೆಯ ಪಾಠ: ನಡುಗಾಲದಲ್ಲಿ ಬಿಟ್ಟುಹೋಗದಿರುವದು

ಬೆಳೆಗಾಲದ ಪ್ರಾರಂಭವು ಸಂತೋಷಕರವಾದದ್ದು. ರೋಹಿಣಿ ಮಳೆಗೆ ಮಡಿ ಕಟ್ಟಿ, ಮೃಗಶಿರದಲ್ಲಿ ಬಿತ್ತಿದರೆ, ದಂಟಿನ ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬರುವದು. ಮೂಲಂಗಿಯು ನಲವತ್ತು ನಲವತ್ತೈದು ದಿನಕ್ಕೆ ಬರುವದು. ಬೆಂಡೆಯು ಸುಮಾರು ಐವತ್ತು ದಿನಕ್ಕೆ ಕಾಯಿ ಕೊಡುವದು. ಆದರೆ ಟೊಮೇಟೋ ಸಸಿಯು ಸಸಿಮಡಿಯಲ್ಲಿ ಸುಮಾರು 25 ದಿನ ಇದ್ದು, ನಾಟಿಯಾದ ಮೇಲೆ ತಿರಿಗಿ ಎರಡು ತಿಂಗಳಿಗೂ ಹೆಚ್ಚು ಕಾಯಿಸುವದು. ಈ ನಡುವೆ ಪುಷ್ಯ ಆಶ್ಲೇಷ ಮಳೆಗಳು ಹಿಡಿದುಕೊಳ್ಳುವವು. ಕಳೆಯು ಪೈರಿಗಿಂತ ಎತ್ತರ ಬೆಳೆಯುವದು. ಬೆನ್ನು ನೋಯುವದು, ಕೈ ಒಡೆಯುವದು. ಊರಿನ ಜೊತೆಗಾರರು ಬೆಂಗಳೂರಿನಲ್ಲಿ ತಿಂಗಳ ಸಂಬಳ ಎಣಿಸುತ್ತಾರೆಂಬ ಸಮಾಚಾರವು ಬರುವದು. ಬಿಟ್ಟುಹೋಗಬೇಕೆಂಬ ಶೋಧನೆಯು ಬಿತ್ತುವ ದಿನದಲ್ಲಿಯೂ ಕೊಯ್ಯುವ ದಿನದಲ್ಲಿಯೂ ಬರುವದಿಲ್ಲ. ಈ ನಡುಗಾಲದಲ್ಲಿಯೇ ಬರುವದು.

ಜೇಕಿನ ಹುಲ್ಲನ್ನು ನೀವೆಲ್ಲರೂ ಬಲ್ಲಿರಿ. ಮೇಲಿನಿಂದ ಕಿತ್ತರೆ ಮಡಿಯು ಶುದ್ಧವಾಗಿ ಕಾಣುವದು; ವಾರದೊಳಗೆ ತಿರಿಗಿ ಚಿಗುರುವದು. ಯಾಕಂದರೆ ನೆಲದೊಳಗೆ ಗೆಡ್ಡೆಗೆ ಗೆಡ್ಡೆ ಸರಪಣಿಯಂತೆ ಹೊಂದಿಕೊಂಡಿದೆ. ಅಗೆದು ಗೆಡ್ಡೆಯನ್ನು ತೆಗೆಯುವದೂ, ಒಣಹುಲ್ಲಿನ ಮುಚ್ಚಿಗೆ ಹಾಕುವದೂ, ತಿರಿಗಿ ಬಂದದ್ದನ್ನು ತಿರಿಗಿ ಅಗೆಯುವದೂ ಹೊರತು ಬೇರೆ ಉಪಾಯವಿಲ್ಲ. ಕುಡಿತ, ಸಾಲ, ಹಳೇ ದ್ವೇಷ ಇವುಗಳು ದೀಕ್ಷಾಸ್ನಾನದ ದಿನದಲ್ಲಿ ಮೇಲಿನಿಂದ ಕಿತ್ತುಹೋದಂತೆ ಕಾಣುತ್ತವೆ. ಗೆಡ್ಡೆಯು ಒಳಗೆ ಇದ್ದರೆ ಚಿಗುರುವದು ನಿಶ್ಚಯ. ಹೀಗೆ ಚಿಗುರಿದ್ದನ್ನು ಕಂಡು, ನನ್ನ ನಂಬಿಕೆಯೇ ಸುಳ್ಳೆಂದು ಸಭೆಯನ್ನು ಬಿಟ್ಟುಹೋಗುವವರು ಉಂಟು. ಪ್ರಿಯ ಸಹೋದರನೇ, ಅದು ನಿನ್ನ ನಂಬಿಕೆಯ ಮರಣವಲ್ಲ. ಗುದ್ದಲಿ ಹಿಡಿಯತಕ್ಕ ಸಮಯವು ಬಂತು ಅಷ್ಟೇ. ತೋಟಗಾರನು ನಿನ್ನ ಸುತ್ತಲೂ ಅಗೆಯುವಾಗ ಬೇರಿಗೆ ನೋವಾಗುವದು. ಆದಾಗ್ಯೂ ಅವನು ಕೊಡಲಿಯನ್ನು ಹಿಡಿದಿಲ್ಲವೆಂಬದನ್ನು ನೋಡು.

ಹುಳಕ್ಕೂ ಉಪಾಯ ಉಂಟು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಟೊಮೇಟೋವಿನ ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡುಹೂವನ್ನು ನೆಡಬೇಕೆಂದು ಕಲಿಸಿದರು. ಕಾಯಿಕೊರಕದ ಚಿಟ್ಟೆಯು ಹೂವಿಗೆ ಮನಸೋತು ಬಹುಮಟ್ಟಿಗೆ ಅದರ ಮೇಲೆ ಮೊಟ್ಟೆಯಿಡುವದು. ಆದರೆ ಟೊಮೇಟೋ ಹೂಬಿಡುವಾಗಲೇ ಚೆಂಡುಹೂವು ಅರಳಿರಬೇಕಾದದರಿಂದ, 25 ದಿನದ ಟೊಮೇಟೋ ಸಸಿಯ ಸಂಗಡ 40 ದಿನದ ಚೆಂಡುಹೂವಿನ ಸಸಿಯನ್ನು ನೆಡತಕ್ಕದ್ದು. ಶೋಧನೆಯು ಬಂದ ಮೇಲೆ ಪ್ರಾರ್ಥನೆಯನ್ನು ಬಿತ್ತುವೆನೆಂಬವನು ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ.

ಭೂಮಿಯಾದರೂ ಒಂದೇ ಕಾಲದಲ್ಲಿ ಶುದ್ಧವಾಗುವದಿಲ್ಲ. ಭಾರತ ಸರಕಾರವು 2001ರಲ್ಲಿ ಜಾರಿಗೆ ತಂದ ಪ್ರಮಾಣಪತ್ರದ ಕ್ರಮದಲ್ಲಿ, ಹೊಲವು ಸಾವಯವವೆಂದು ಕರೆಯಲ್ಪಡುವದಕ್ಕೆ ವಾರ್ಷಿಕ ಬೆಳೆಗಳಿಗೆ ಸಾಧಾರಣವಾಗಿ ಎರಡು ವರುಷಗಳ ಪರಿವರ್ತನಕಾಲ ಬೇಕು. ಈ ವರುಷಗಳಲ್ಲಿ ಬೆಳೆ ಕಡಿಮೆಯಾಗಬಹುದು. ಕಲಿಯುವವನಿಗೆ ಇದನ್ನು ಮುಚ್ಚಿಡಬಾರದು. ಯಜಮಾನನು ಮೂರು ವರುಷ ಹುಡುಕಿ ಬೇಸತ್ತನು. ತೋಟಗಾರನು ನಾಲ್ಕನೆಯದನ್ನು ಬೇಡಿದನು. ನಮ್ಮ ದೇವರ ತಾಳ್ಮೆಯು ಇಷ್ಟು ದೊಡ್ಡದಾಗಿರಲಾಗಿ, ಹೊಸದಾಗಿ ಸಭೆಗೆ ಸೇರಿದ ಕುಟುಂಬವು ಒಂದು ವರುಷದಲ್ಲಿ ಫಲ ಕೊಡಲಿಲ್ಲವೆಂದು ನಾವು ಗುಣುಗುಟ್ಟಬಹುದೋ?

ನಾಲ್ಕನೆಯ ಪಾಠ: ಸತ್ಯವಾದ ತಕ್ಕಡಿ

ಬೆಳೆ ಬಂದ ಮೇಲೆ ಸಂತೆಗೆ ಹೋಗುವದೂ ಶಿಷ್ಯನ ಪಾಠವೇ. ವಿಷವಿಲ್ಲದ ಕಾಯಿಪಲ್ಯಕ್ಕೆ ಪಟ್ಟಣದಲ್ಲಿ ಹೆಚ್ಚು ಬೆಲೆ ಸಿಕ್ಕುತ್ತದೆ. ಅಲ್ಲಿಯೇ ಪಾಪವು ಬಾಗಲಲ್ಲಿ ಹೊಂಚಿಕೊಂಡಿದೆ. ರಾತ್ರಿ ವಿಷ ಸಿಂಪಡಿಸಿ ಬೆಳಿಗ್ಗೆ ಶುದ್ಧವೆಂದು ಮಾರುವವನ ಕೈಗೂ, ಕಳ್ಳ ತಕ್ಕಡಿ ಹಿಡಿದವನ ಕೈಗೂ ಭೇದವಿಲ್ಲ. ಮೋಸದ ತಕ್ಕಡಿಯು ಕರ್ತನಿಗೆ ಅಸಹ್ಯವೆಂಬದನ್ನು ಜ್ಞಾನೋಕ್ತಿಗಳ 11ನೆಯ ಅಧ್ಯಾಯವು ಮೊದಲನೆಯ ಮಾತಿನಲ್ಲಿಯೇ ಕಲಿಸುತ್ತದೆ. ಬೆಂಡೆಯಲ್ಲಿ ಹುಳ ಇದ್ದರೆ ಇದೆ ಎಂದು ಹೇಳಿ ಮಾರುವವನು ಕ್ರಿಸ್ತನ ಸಾಕ್ಷಿ.

ವಿಷದ ಹಾನಿಯು ಕೇವಲ ಮಾತಲ್ಲ. ದಕ್ಷಿಣ ಕನ್ನಡದ ಗೋಡಂಬಿ ತೋಪುಗಳ ಮೇಲೆ ಆಕಾಶಮಾರ್ಗವಾಗಿ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ ಎಷ್ಟೋ ಮನೆಗಳು ಇಂದಿಗೂ ಅಂಗವಿಕಲ ಮಕ್ಕಳ ದುಃಖವನ್ನು ಹೊತ್ತಿವೆ. ಕೊನೆಗೆ 2011ರ ಮೇ ತಿಂಗಳಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ತಡೆಯಿತು. ಆದಾಗ್ಯೂ ಒಂದು ಮಾತನ್ನು ಸೇರಿಸುತ್ತೇವೆ. ಒಂದು ಬೆಳೆಗಾಲ ಕಲಿತು ಬಂದ ಯೌವನಸ್ಥನು, ಸಾಲದ ಭಯದಿಂದ ಯೂರಿಯಾ ಚೀಲ ತಂದ ನೆರೆಯವನನ್ನು ಪಾಪಿಯೆಂದು ತೀರ್ಪು ಮಾಡಬಾರದು. ಎರಡೆಕರೆಯ ಬಡವನು ಒಂದು ಬೆಳೆ ಕಳಕೊಂಡರೆ ಅವನ ಮನೆಯ ಒಲೆಯೇ ಆರಿಹೋಗಬಹುದು. ಅವನಿಗೆ ತೀರ್ಪಿನಿಂದ ಪ್ರಯೋಜನವಿಲ್ಲ. ಒಂದು ಪುಟ್ಟಿ ಒಳ್ಳೇ ಗೊಬ್ಬರವನ್ನೂ ಒಂದು ಹಿಡಿ ನಾಟಿ ಬೀಜವನ್ನೂ ಕೊಟ್ಟು, ಹೊಲದ ಮೂಲೆಯ ಒಂದೇ ಗುಂಟೆಯಲ್ಲಿ ಅವನ ಸಂಗಡ ಪರೀಕ್ಷಿಸಿ ನೋಡುವದು ಪ್ರೀತಿಯ ದಾರಿ.

ಈಗ ಮಾಡತಕ್ಕದ್ದು

ತಂದೆತಾಯಿಗಳೇ, ನಿಮ್ಮ ಮಗನೋ ಮಗಳೋ ಮಣ್ಣಿನ ಕೆಲಸವನ್ನು ಕಲಿಯಬೇಕೆಂದು ಕೇಳಿದರೆ ನೀವು ಪಟ್ಟ ಅವಮಾನವನ್ನು ಮರೆಯಬೇಕೆಂದು ನಾವು ಹೇಳುವದಿಲ್ಲ. ಅದನ್ನು ಮಕ್ಕಳಿಗೆ ವಿವರವಾಗಿ ಹೇಳಿರಿ. ಅವರಿಗೆ ಅದು ಗೊತ್ತಿರಬೇಕು. ಆ ಮೇಲೆ ನಾಲ್ಕು ಗುರುತುಗಳನ್ನು ನೋಡಿ ಆಶೀರ್ವದಿಸಿ ಕಳುಹಿಸಿರಿ. ಅಜ್ಜಿಯು ತಲೆ ತಗ್ಗಿಸಿ ಹೊತ್ತ ಪುಟ್ಟಿಯನ್ನು ಮೊಮ್ಮಗಳು ತನ್ನ ಮನಸ್ಸಿನಿಂದಲೇ ಆರಿಸಿಕೊಂಡು ಹೊತ್ತರೆ, ಆ ಪುಟ್ಟಿಗೆ ಬಿಡುಗಡೆಯಾಯಿತು. ವಿಶೇಷವಾಗಿ ಹೆಣ್ಣುಮಕ್ಕಳನ್ನು ತಡೆಯಬೇಡಿರಿ. ಬೀಜವನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಕಾಪಾಡಿದವರು ಯಾವಾಗಲೂ ಸ್ತ್ರೀಯರೇ.

ಯೌವನಸ್ಥರೇ, ಹೋಗುವದಾದರೆ ಬೆಳೆಗಾಲ ಮುಗಿಯುವ ತನಕ ನಿಲ್ಲಿರಿ. ಅನ್ಯಾಯವಾದರೆ ಹೊರಟುಬನ್ನಿರಿ, ಅದಕ್ಕೆ ನಾಚಬೇಡಿರಿ; ಬೇಸರವಾದರೆ ಮಾತ್ರ ಹೊರಟುಬರಬೇಡಿರಿ. ಸ್ವಾತಿ ಮಳೆಯ ವರೆಗೆ ನಿಂತವನು ಒಂದು ಬೀಜದ ಪೂರ್ಣ ಚರಿತ್ರೆಯನ್ನು ತನ್ನ ಕಣ್ಣಿನಿಂದ ನೋಡಿ ಬರುವನು.

ಸಭೆಯ ಹಿರಿಯರೇ, ಅವರು ತಿರಿಗಿ ಬಂದಾಗ, ಎಷ್ಟು ಹಣ ತಂದಿ ಎಂದು ಮೊದಲು ಕೇಳಬೇಡಿರಿ. ದೇವಾಲಯದ ಹಿಂದೆ ಬಯಲು ಇದ್ದರೆ ಐದಾರು ಗುಂಟೆಯನ್ನು ಅವರ ಕೈಗೆ ಕೊಡಿರಿ. ಅಲ್ಲಿ ಬೆಳೆದ ಸೊಪ್ಪು ಮೊದಲು ವಿಧವೆಯರ ಮನೆಗೂ ಬಾಣಂತಿಯರ ಮನೆಗೂ ಹೋಗಲಿ. ಭೂಮಿಯಿಲ್ಲದ ಶಿಷ್ಯನ ವಿದ್ಯೆಯು ಹೊಲವಿಲ್ಲದ ಬೀಜದ ಹಾಗೆ ಗಡಿಗೆಯಲ್ಲಿಯೇ ಮುಗ್ಗಿಹೋಗುವದು. ಮಕ್ಕಳಿಗೆ ಕಲಿಯಿರೆಂದು ಹೇಳಿ, ಕಲಿತದ್ದನ್ನು ನಡಿಸುವದಕ್ಕೆ ಒಂದು ಮಡಿಯನ್ನಾದರೂ ಕೊಡದ ಸಭೆಯು ತನ್ನ ಕೈಯಿಂದಲೇ ಅವರನ್ನು ಪಟ್ಟಣಕ್ಕೆ ಅಟ್ಟುತ್ತದೆ.

ಕೊನೆಯದಾಗಿ, ಆ ಅಂಜೂರದ ಮರವು ಮರುವರುಷ ಹಣ್ಣು ಕೊಟ್ಟಿತೋ ಇಲ್ಲವೋ ಎಂಬದನ್ನು ನಮ್ಮ ಕರ್ತನು ಹೇಳಲಿಲ್ಲ. ಮರವು ನಾವೇ ಆಗಿರುವದರಿಂದ ಉತ್ತರವೂ ನಮ್ಮ ಬಳಿಯಲ್ಲಿಯೇ ಇದೆ. ಅಗೆಯುವದು ನಡೆಯುತ್ತಿದೆ; ಗೊಬ್ಬರ ಬಿದ್ದಿದೆ; ಬೆಳೆಗಾಲವು ಇನ್ನೂ ಮುಗಿದಿಲ್ಲ.

ತೋಟಗಾರನಾದ ಕರ್ತನೇ, ನಮ್ಮ ವಿಷಯದಲ್ಲಿ ನೀನು ಬೇಡಿಕೊಂಡ ಈ ವರುಷಕ್ಕೋಸ್ಕರ ನಿನ್ನನ್ನು ಸ್ತುತಿಸುತ್ತೇವೆ. ನಮ್ಮ ಮಕ್ಕಳನ್ನು ಜೀತದಿಂದ ತಪ್ಪಿಸಿ ಶಿಷ್ಯತ್ವಕ್ಕೆ ನಡಿಸು. ನಮ್ಮ ನಡುವೆ ಅಗೆಯುವಾಗ ನಮಗೆ ತಾಳ್ಮೆಯನ್ನು ಕೊಡು. ನಮ್ಮ ಹಿರಿಯರ ಬಗ್ಗಿದ ಬೆನ್ನನ್ನು ನೀನು ನೋಡಿದಿ; ಅವರ ಮೊಮ್ಮಕ್ಕಳ ಕೈಯ ಕೆಲಸವನ್ನು ಸ್ಥಿರಪಡಿಸು. ಆಮೆನ್.